ದೂರವಾಣಿಯ ಚಿಕಿತ್ಸೆಯೂ ನಮ್ಮ ಮನೆಗಳ ಮರ್ಯಾದೆಯೂ

ಕಳೆದ ವರ್ಷ ಹೊಳಲ್ಕೆರೆಯಲ್ಲಿ ನೆರೆದಿದ್ದ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಹನೀಯರೊಬ್ಬರು ಎದ್ದುನಿಂತು, "ಮನಸ್ಸು ಕೆಟ್ಟರೆ ಮಠವಿದೆ, ಗುರುಗಳಿದ್ದಾರೆ, ಲಿಂಗಪೂಜೆಯಿದೆ, ಮುಖ ಕಾಣದವರ ಮುಂದೆ ಮೊಬೈಲಿನಲ್ಲಿ ಮನೆಯ ಗುಟ್ಟು ಬಿಚ್ಚಿಡುವ ಈ ಬೆಂಗಳೂರಿನ ಷೋಕಿ ನಮ್ಮ ಸೀಮೆಗೇಕೆ?" ಎಂದು ಕೇಳಿದರು. ಸಭೆ ಕೈತಟ್ಟಿತು. ಆ ಚಪ್ಪಾಳೆಯಲ್ಲಿ ನನ್ನ ಕೈಯೂ ಸೇರಿತ್ತೆಂಬುದನ್ನು ಮೊದಲೇ ಒಪ್ಪಿಕೊಂಡು, ಅದನ್ನು ಹಿಂದಕ್ಕೆ ಪಡೆಯುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೂಟ ಮುಗಿದ ಕೆಲವೇ ವಾರಗಳಲ್ಲಿ ಹೊಸದುರ್ಗದ ಕಡೆಯ ಪರಿಚಿತರ ಮನೆಯಿಂದ ನನಗೆ ಕರೆ ಬಂತು. ಪಂಚಾಯಿತಿಗೆ ಹಿರಿಯರೊಬ್ಬರು ಬೇಕಾಗಿತ್ತು. ಎರಡನೆಯ ಹೆರಿಗೆಯಾಗಿ ಮೂರು ತಿಂಗಳು ತುಂಬಿದ್ದ ಆ ಮನೆಯ ಸೊಸೆ, ನಸುಕಿನಲ್ಲಿ ಗಂಡನ ಮೊಬೈಲು ತೆಗೆದುಕೊಂಡು ಕೊಟ್ಟಿಗೆಗೆ ಹೋಗಿ ಯಾರೊಡನೆಯೋ ಮಾತಾಡುತ್ತಾಳೆಂಬುದು ಆಪಾದನೆ. ಒಂದೇ ಸಂಖ್ಯೆಗೆ ನಾಲ್ಕು ಸಲ ಕರೆ ಹೋಗಿತ್ತು; ಒಮ್ಮೆ ಇಪ್ಪತ್ತು ನಿಮಿಷಕ್ಕೂ ಮೇಲೆ. ಐದೇ ಅಂಕಿಯ ಸಂಖ್ಯೆ ಯಾವ ಗಂಡಸಿನದೂ ಆಗಿರಲಾರದೆಂಬ ವಿವೇಕ ಆ ಕೋಪದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎಲ್ಲರೆದುರಿಗೆ ನಾನೇ ಆ ಸಂಖ್ಯೆಯನ್ನು ಒತ್ತಿದೆ: 14416. ಅದು ಸರ್ಕಾರದ 'ಟೆಲಿ ಮಾನಸ್' ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಊರಿನ ಆಶಾ ಕಾರ್ಯಕರ್ತೆ ಆಕೆಗೆ ಅದನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಳಂತೆ.

ಆ ಹೆಣ್ಣುಮಗಳಿಗೆ ಮಗು ಮಲಗಿದರೂ ನಿದ್ದೆ ಬರುತ್ತಿರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ. ಮನೆಯವರು ದೃಷ್ಟಿ ತೆಗೆದರು, ಯಂತ್ರ ಕಟ್ಟಿಸಿದರು. "ತೆಂಗಿನ ತೋಟವಿದೆ, ಹೊತ್ತಿಗೆ ಸರಿಯಾಗಿ ಊಟವಿದೆ, ಇವಳಿಗೇನು ಕೊರತೆ ಮೇಷ್ಟ್ರೇ?" ಎಂದು ಅತ್ತೆ ಹಿಂದೊಮ್ಮೆ ನನ್ನನ್ನೇ ಕೇಳಿದ್ದರು. ದಿನವೂ ಪೂಜೆಗೆ ಕೂರಿಸಿ, ಸರಿಹೋಗುತ್ತದೆ ಎಂದು ನಾನು ಹೇಳಿ ಬಂದಿದ್ದೆ. ದೂರವಾಣಿಯಲ್ಲಿ ಆಕೆಗೆ ಮೊದಲು ಬಂದ ಪ್ರಶ್ನೆ, "ನಿದ್ದೆ ಬರುತ್ತದೆಯೇನಮ್ಮಾ?" ಎಂಬುದು. ಅನಂತರದ್ದು, ಮಗುವಿಗಾಗಲಿ ತನಗಾಗಲಿ ಏನಾದರೂ ಮಾಡಿಬಿಡಬೇಕೆಂದು ಅನ್ನಿಸಿದೆಯೇ ಎಂಬುದು. ಅನ್ನಿಸಿತ್ತು. ಒಂದೇ ಸೂರಿನಡಿಯ ಎಂಟು ಜನರಲ್ಲಿ ಒಬ್ಬರೂ, ಹಿರಿಯನೆನಿಸಿಕೊಂಡ ನಾನೂ, ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಬಾಣಂತಿ ಸನ್ನಿಯೆಂಬ ಮಾತು ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು. ಅದರಷ್ಟು ಉಗ್ರವಲ್ಲದ, ಸದ್ದಿಲ್ಲದೆ ತಿನ್ನುವ ಖಿನ್ನತೆಯೂ ಬಾಣಂತಿಯರಿಗೆ ಬರುವುದೆಂಬುದನ್ನು ಮಾತ್ರ ನಾವು ಕಲಿಯಲೊಲ್ಲೆವು. ಈಗ ಆಕೆ ಆಸ್ಪತ್ರೆಯ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾಳೆ, ಚೇತರಿಸಿಕೊಳ್ಳುತ್ತಿದ್ದಾಳೆ.

ಇದು ಬೆಂಗಳೂರಿನ ಷೋಕಿಯೆಂದವರು ಇತಿಹಾಸವನ್ನು ತುಸು ನೋಡಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ತರಬೇತಿಯಿತ್ತು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೆ ತಂದರು. ಆ ಬಳ್ಳಾರಿ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಮ್ಮಂಥ ಬಯಲುಸೀಮೆಯಲ್ಲೇ ಬೇರೂರಿದ ಕೆಲಸವಿದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಅದೇ ದಾರಿಯ ಮುಂದುವರಿಕೆ. ಅದು ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿ ಮಾತನಾಡುತ್ತದೆ, ಕಾಸು ಕೇಳುವುದಿಲ್ಲ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಆಲಿಸುತ್ತಾರೆ. ಅಗತ್ಯಬಿದ್ದರೆ ಮನೋವೈದ್ಯರಿಗೆ ಒಪ್ಪಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ವಿಡಿಯೊ ಮೂಲಕ ಮುಖ ನೋಡಿ ಮಾತನಾಡುವ ಸೌಲಭ್ಯವನ್ನು ಮೊದಲಿಗೆ ಪಡೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮನಸ್ಸಿನ ವಿಚಾರ ಕನ್ನಡಕ್ಕೆ ಹೊರಗಿನದೆನ್ನುವವರಿಗೆ ಇನ್ನೊಂದು ಮಾತು: ವೈದ್ಯರಾದ ಎಂ. ಶಿವರಾಂ ಅವರ 'ಮನ ಮಂಥನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1976ರಲ್ಲಿ.

ಮಠವಿರುವಾಗ ಇದೇಕೆ ಎಂಬ ಪ್ರಶ್ನೆಯನ್ನು ನಾನು ಲಘುವಾಗಿ ಕಾಣಲಾರೆ. ಮಠದ ಅನ್ನವುಂಡು ಓದಿದವನು ನಾನು. ಸಿರಿಗೆರೆಯಲ್ಲಿ ಸೋಮವಾರಗಳಂದು ಸದ್ಧರ್ಮ ನ್ಯಾಯಪೀಠದ ಮುಂದೆ ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ವಿರಸ ಮೊದಲಾದ ವ್ಯಾಜ್ಯಗಳು ತೀರ್ಮಾನವಾಗುವುದನ್ನು ಬಲ್ಲವರೆಲ್ಲ ಬಲ್ಲರು. ಆದರೆ ನ್ಯಾಯಕ್ಕೆ ಎರಡು ಪಕ್ಷಗಳು ಬೇಕು. ತನ್ನೊಡನೆ ತಾನೇ ಹೋರಾಡುತ್ತಿರುವವನು ಯಾರ ಮೇಲೆ ದೂರು ಕೊಡಬೇಕು? ಸಾಲ ಮಾಡಿ ಮೂರನೆಯ ಕೊಳವೆಬಾವಿ ಕೊರೆಸಿ ಬರಿಯ ಧೂಳು ಕಂಡ ಹಿರಿಯೂರಿನ ರೈತ, ಜಮೀನಿದ್ದರೂ ಹೆಣ್ಣು ಸಿಗದೆ ನಲವತ್ತಕ್ಕೆ ಕಾಲಿಟ್ಟ ಹೊಳಲ್ಕೆರೆಯ ಅಡಿಕೆ ಬೆಳೆಗಾರನ ಮಗ, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ದುರ್ಗದ ದೊಡ್ಡ ಮನೆಯಲ್ಲಿ ಒಬ್ಬಂಟಿಯಾದ ವಿಧವೆ, ಇವರಿಗೆ ಎದುರುಪಕ್ಷವೇ ಇಲ್ಲ. ವಾಣಿವಿಲಾಸ ಸಾಗರ 1933ರಲ್ಲಿ ತುಂಬಿದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕಟ್ಟೆ ಎಂಬತ್ತೊಂಬತ್ತು ವರ್ಷ ಕಾದೀತು. ಈ ಜನ ಕಾಯಲಾರರು.

ಆ ಮಹನೀಯರ ಭಯದಲ್ಲಿ ಹುರುಳೇ ಇಲ್ಲವೆನ್ನಲಾರೆ. ಮನದಳಲನ್ನು ಸರಕಾಗಿಸಿಕೊಂಡ ವ್ಯಾಪಾರಿಗಳಿದ್ದಾರೆ. ಫಿನ್ಲೆಂಡಿನ ವಸ್ತಾಮೊ ಎಂಬ ಸಂಸ್ಥೆಯಿಂದ ರೋಗಿಗಳ ಟಿಪ್ಪಣಿಗಳನ್ನು ಕದ್ದವರು 2020ರಲ್ಲಿ ಆ ರೋಗಿಗಳನ್ನೇ ಬೆದರಿಸಿ ಹಣ ಕೇಳಿದರು. ಅಮೆರಿಕದ ಬೆಟರ್‌ಹೆಲ್ಪ್ ಸಂಸ್ಥೆಯು ಗ್ರಾಹಕರ ವಿವರಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವರಿಗೆ ಒದಗಿಸಿತೆಂಬ ಆರೋಪದ ಮೇಲೆ 2023ರಲ್ಲಿ 78 ಲಕ್ಷ ಡಾಲರು ತೆರಲು ಒಪ್ಪಬೇಕಾಯಿತು. ನಮ್ಮಲ್ಲಿಯೂ ನಾಲ್ಕು ದಿನದ ತರಗತಿ ಮುಗಿಸಿ 'ಕೌನ್ಸೆಲರ್' ಎಂದು ಫಲಕ ಹಾಕಿಕೊಂಡು, ಗಂಟೆಗಿಷ್ಟೆಂದು ಮುಂಗಡ ವಸೂಲು ಮಾಡುವವರುಂಟು. ಹಣ ಕೊಡುವ ಮುನ್ನ ಮನೋವೈದ್ಯನಾದರೆ ವೈದ್ಯಕೀಯ ಪರಿಷತ್ತಿನ, ಚಿಕಿತ್ಸಾ ಮನಶ್ಶಾಸ್ತ್ರಜ್ಞನಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳಿರಿ. ತಡವರಿಸಿದವನ ಕರೆಯನ್ನು ಅಲ್ಲಿಗೇ ಕಡಿಯಿರಿ. ಮತಿವಿಕಲ್ಪ ಕಾಣಿಸಿಕೊಂಡವರನ್ನು, ಪ್ರಾಣಕ್ಕೆ ಎರವಾಗಹೊರಟವರನ್ನು ಬರಿಯ ಮಾತಿಗೆ ಒಪ್ಪಿಸಿ ಕೂರುವುದೂ ಸಲ್ಲದು, ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದೇ ಭಾವಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಪೊಲೀಸರಿಗೆ ಹೆದರಿ ವಿಷ ಕುಡಿದವನನ್ನು ಮನೆಯಲ್ಲೇ ಮುಚ್ಚಿಡುವ ಮೌಢ್ಯಕ್ಕೆ ಈಗ ನೆಪವಿಲ್ಲ.

ಅದೇ ಕಾಯಿದೆ ರೋಗಿಯ ಗುಟ್ಟನ್ನು ಕಾಯುವ ಹೊಣೆಯನ್ನು ಚಿಕಿತ್ಸಕನ ಮೇಲೆ ಹೊರಿಸಿದೆ. ಅತ್ತೆಮಾವಂದಿರ ಮೇಲೆ, ಗಂಡನ ಮೇಲೆ, ಹಾಸ್ಟೆಲಿನ ವಾರ್ಡನ್ನನ ಮೇಲೆ ಹೊರಿಸಿಲ್ಲ. ಗುಟ್ಟು ರಟ್ಟಾಗುವುದು ದೂರವಾಣಿಯ ಆಚೆ ತುದಿಯಲ್ಲಿ ಎಂದು ಗುಲ್ಲೆಬ್ಬಿಸುವ ನಾವು, ಈಚೆ ತುದಿಯಲ್ಲಿ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದೇವೆ. ಸೊಸೆಗೆ ಸ್ವಂತ ಮೊಬೈಲಿಲ್ಲ; ಇದ್ದರೆ ಅದರ ಗುಪ್ತಸಂಖ್ಯೆ ಮನೆಮಂದಿಗೆಲ್ಲ ಬಾಯಿಪಾಠ. ಮಾತಾಡಲು ಕೊಟ್ಟಿಗೆಯೇ ಗತಿ. ಹೀಗಿರುವಾಗ ಸರ್ಕಾರ ಹತ್ತು ಸಹಾಯವಾಣಿಗಳನ್ನು ತೆರೆದರೂ ಫಲವೇನು? ಮಾನ ಹೋಗುತ್ತದೆಂಬ ಅಂಜಿಕೆಯಿಂದ ಮಗಳ ಬಾಯಿ ಮುಚ್ಚಿಸಿ, ಆಮೇಲೆ ಹೊಟ್ಟೆನೋವು ತಾಳಲಾರದೆ ಹೋದಳೆಂದು ಊರಿಗೆ ಹೇಳುವ ಮನೆಗಳಿಗೆ ಯಾವ ಮಾನ ಉಳಿದಿದೆ?

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಸಣ್ಣದು. ನಮ್ಮ ಉಚಿತ ಪ್ರಸಾದ ನಿಲಯಗಳ ಪ್ರತಿಯೊಂದು ಅಂತಸ್ತಿನಲ್ಲೂ 14416 ಎಂಬುದನ್ನು ದಪ್ಪಕ್ಷರದಲ್ಲಿ ಬರೆಸಬೇಕು. ಒಂದೊಂದು ನಿಲಯದಲ್ಲೂ ಒಳಚಿಲಕವಿರುವ ಒಂದು ಕೋಣೆಯನ್ನು, ಅದರಲ್ಲಿ ಒಂದು ದೂರವಾಣಿಯನ್ನು ಇಡಬೇಕು. ಒಳಹೋದ ಹುಡುಗ ಯಾರು, ಏಕೆ ಹೋದ ಎಂದು ಯಾರೂ ದಾಖಲೆ ಬರೆಯಕೂಡದು. ವೆಚ್ಚ ಎಷ್ಟೆಂದು ನಿಮಗೇ ಗೊತ್ತು. ವಾರ್ಷಿಕ ಕೂಟದ ಶಾಮಿಯಾನದ ಬಾಡಿಗೆಯೂ ಆಗಲಾರದು. ಮುಂದಿನ ಕೂಟದಲ್ಲಿ ಇದನ್ನು ನಿರ್ಣಯವಾಗಿ ಮಂಡಿಸಲಿದ್ದೇನೆ. ಅಂದು ಕೈತಟ್ಟಿದವರು ದಯಮಾಡಿ ಬಂದು ನನ್ನೆದುರಿಗೇ ವಿರೋಧಿಸಲಿ.