ಜಗಲಿಯ ಮಾತು: ರಥದಿಂದ ಇಳಿದ ಮೇಲೆ

ತಿಂಗಳು ತಿಂಗಳಿಗೂ ಈ ಪುಟದಲ್ಲಿ ಜಗಲಿಯ ಮೇಲೆ ಕುಳಿತು ಮಾತನಾಡುವ ಅಭ್ಯಾಸವುಳ್ಳ ನಾನು ಈ ಸಲ ಜಗಲಿಗಿಂತಲೂ ತಗ್ಗಾದ ಒಂದು ಪೀಠದಲ್ಲಿ ಕುಳಿತು ಮಾಡಿದ ಒಂದು ದಿನದ ಯಾತ್ರೆಯ ವೃತ್ತಾಂತವನ್ನು ವಾಚಕರಲ್ಲಿ ನಿವೇದಿಸಬೇಕಾಗಿದೆ. ಕಳೆದ ಪುಷ್ಯಮಾಸದಲ್ಲಿ ನನ್ನನ್ನು ಹೊತ್ತು ತಿರುಗಿದ ವಾಹನವು ಸ್ಪೋರ್ಟ್ಸ್ ಕಾರೆಂಬ ಜಾತಿಗೆ ಸೇರಿದುದು. ಅದಕ್ಕೆ ಎರಡೇ ಆಸನಗಳು, ಗುಂಡಿಯನ್ನೊತ್ತಿದರೆ ಹಿಂದಕ್ಕೆ ಮಡಚಿಕೊಳ್ಳುವ ಮೇಲ್ಛಾವಣಿ, ದಾಸವಾಳದ ಕೆಂಪು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದಂತೆ. ಏಳುವುದೆಂದರೆ ಅದೇ ಬಾವಿಯಿಂದ ಹಗ್ಗವಿಲ್ಲದೆ ಮೇಲಕ್ಕೆ ಬಂದಂತೆ. ಅರುವತ್ತು ತುಂಬಿದ ಮೊಣಕಾಲುಗಳುಳ್ಳ ವಾಚಕರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು.

ಕಾರು ನನ್ನ ಹಳೆಯ ಶಿಷ್ಯನೊಬ್ಬನದು. ಇಪ್ಪತ್ತು ವರ್ಷಗಳಿಗೂ ಹಿಂದೆ ಆತನು ನಮ್ಮ ಪ್ರೌಢಶಾಲೆಯ ಕಡೆಯ ಬೆಂಚಿನ ಹುಡುಗ. ಒಂದು ದಿನ ತರಗತಿಯಲ್ಲಿ ಶಾಕುಂತಲ ನಾಟಕದ ಮೊದಲನೆಯ ಅಂಕದ ಕಥೆಯನ್ನು ಹೇಳುತ್ತಿದ್ದೆ. ದುಷ್ಯಂತನ ರಥವು ಜಿಂಕೆಯ ಬೆನ್ನುಹತ್ತಿ ಓಡುತ್ತಿರುವ ಭಾಗ. ವೇಗದಲ್ಲಿ ವಸ್ತುಗಳ ಗಾತ್ರವೂ ದೂರವೂ ಹೇಗೆ ಕ್ಷಣಕ್ಷಣಕ್ಕೆ ಬದಲಾಗುತ್ತವೆಂಬುದನ್ನು ಕಾಳಿದಾಸನು ವರ್ಣಿಸಿರುವ ಸ್ಥಳ. ಈತನು ತಲೆ ತಗ್ಗಿಸಿಕೊಂಡು ಪುಸ್ತಕದ ಅಂಚಿನಲ್ಲಿ ಏನನ್ನೋ ಗೀಚುತ್ತಿದ್ದನು. ಹತ್ತಿರ ಹೋಗಿ ನೋಡಿದರೆ, ಮೋಟಾರು! “ನಿನ್ನ ರಥವನ್ನು ಹೊರಗೆ ಹೋಗಿ ಓಡಿಸಿಕೋ” ಎಂದು ಕೊಠಡಿಯಿಂದ ಆಚೆಗೆ ಅಟ್ಟಿದೆನು. ನಾನು ಅದನ್ನು ಮರೆತಿದ್ದೆ, ಅವನು ಮರೆತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಆತನು ಒಂದು ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆಯ ಮುಂದೆ ಬಂದು ನಿಂತು, “ಮೇಷ್ಟ್ರೇ, ಹೊರಗೆ ಓಡಿಸಿಕೋ ಅಂದಿದ್ದಿರಲ್ಲ, ಓಡಿಸಿಕೊಂಡು ಬಂದಿದ್ದೇನೆ. ಹತ್ತಿ, ಮೇಲುಕೋಟೆಗೆ ಹೋಗಿ ಬರೋಣ” ಎಂದನು. ನನ್ನ ಮನೆಯಾಕೆ ಕಾರನ್ನು ಒಂದು ಸುತ್ತು ನೋಡಿ ಬಂದು, “ಹೋಗಿಬನ್ನಿ, ಕಿವಿಗೆ ಮಫ್ಲರು ಕಟ್ಟಿಕೊಳ್ಳಿ” ಎಂದಳು.

ಬೆಂಗಳೂರಿನಿಂದ ಬಂದ ದಾರಿಯ ಸುದ್ದಿಯನ್ನು ಕೇಳಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ, 118 ಕಿಲೋಮೀಟರುಗಳ ಹೆದ್ದಾರಿಯದು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಟ್ರಾಕ್ಟರುಗಳಿಗೂ ಸಂಚಾರವನ್ನು ನಿಷೇಧಿಸಿದರು. ರಾಮನಗರದ ಬಂಡೆ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಎಲ್ಲವೂ ಅದರ ಪಕ್ಕಕ್ಕೆ ಸರಿದುವು. “ದಾರಿಯಲ್ಲಿ ಏನು ಕಂಡೆಯಪ್ಪ?” ಎಂದೆ. “ಟೋಲ್ ಗೇಟು ಕಂಡೆ ಮೇಷ್ಟ್ರೇ” ಎಂದನು. ಹುಡುಗನು ಮೊದಲಿನಿಂದಲೂ ಸತ್ಯವಂತ.

ಹೊರಟೆವು. 1799ರ ಮೇ 4ರಂದು ಟೀಪು ಸುಲ್ತಾನನು ಈ ಕೋಟೆಯೊಳಗೇ ಮಡಿದನೆಂದು ಹೇಳಬೇಕೆಂದು ಬಾಯಿ ತೆರೆದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕಡೆಗೆ ಬರುತ್ತದಷ್ಟೆ. ನನ್ನ ಕ್ರಿಯಾಪದವು ಬರುವುದರೊಳಗಾಗಿ ಕೋಟೆಯೂ ಕಾವೇರಿಯೂ ಹಿಂದೆ ಉಳಿದಿದ್ದುವು. ಕಿರಂಗೂರಿನ ಬಳಿ ಪಾಂಡವಪುರದ ದಾರಿಗೆ ತಿರುಗಿದ ಮೇಲೆ ಮಾತ್ರ ನನ್ನ ವಾಕ್ಯಗಳು ಪೂರ್ಣವಾಗತೊಡಗಿದುವು. ಕಾರಣವೇನೆಂದರೆ, ಮುಂದೆ ಕಬ್ಬಿನ ಗಾಡಿಗಳು.

ಪಾಂಡವಪುರವು ಹಿಂದೆ ಹಿರೋಡೆ. ಹೈದರ್ ಅಲಿ ಮತ್ತು ಟೀಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಇದನ್ನು ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಕುಂತಿಯೂ ಮಕ್ಕಳೂ ಇದ್ದರೆಂಬ ಕುಂತಿಬೆಟ್ಟದ ಐತಿಹ್ಯವು ಕಡೆಗೆ ಗೆದ್ದು ಊರಿಗೆ ಈಗಿನ ಹೆಸರು ನಿಂತಿದೆ. ಈ ಇತಿಹಾಸವನ್ನು ನಾನು ಸಾವಕಾಶವಾಗಿ ಹೇಳಿ ಮುಗಿಸಿದುದು ರಸ್ತೆಯ ಉಬ್ಬುಗಳ ಅನುಗ್ರಹದಿಂದ. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು ವಿಧಿಸಿರುವ ಅಳತೆಯಂತೆ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರತಕ್ಕದ್ದು. ಶಿಷ್ಯನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಣ ಅಂತರವು ಹನ್ನೊಂದೋ ಹನ್ನೆರಡೋ ಸೆಂಟಿಮೀಟರು. ನಮ್ಮ ಹಳ್ಳಿಗಳವರು ತಂತಮ್ಮ ಮನೆಯ ಮುಂದೆ ಎತ್ತಿರುವ ಉಬ್ಬುಗಳಾದರೋ ಯಾವ ಶಾಸ್ತ್ರಕ್ಕೂ ಒಳಪಟ್ಟವಲ್ಲ. ಎರಡನೆಯ ಉಬ್ಬಿನಲ್ಲಿಯೇ ಕಾರಿನ ತಳವು ಕರ್ರೆಂದು ಉಜ್ಜಿತು. ಶಿಷ್ಯನ ಮುಖವು ಅದಕ್ಕಿಂತ ಹೆಚ್ಚಾಗಿ ನೊಂದಿತು. ಆಮೇಲೆ ಉಬ್ಬು ಬಂದಾಗಲೆಲ್ಲ ಭಾರ ತಗ್ಗಲೆಂದು ನಾನು ಇಳಿದು ನಡೆಯುವುದು, ಕಾರು ಓರೆಯಾಗಿ, ದಿನ ತುಂಬಿದ ಬಸುರಿಯಂತೆ ಮೆಲ್ಲಮೆಲ್ಲನೆ ದಾಟುವುದು ಎಂಬ ಏರ್ಪಾಡಾಯಿತು. ಹೀಗೆ ಇಳಿದ ಒಂದು ಕಡೆ ಆಲೆಮನೆಯಿತ್ತು. ಕೊಪ್ಪರಿಗೆಯಲ್ಲಿ ಹಾಲು ಕುದಿಯುವ ವಾಸನೆ ಮೂಗಿಗೆ ಬಂದಿತು. ಅಲ್ಲಿಯ ಹುಡುಗನೊಬ್ಬನು ಬಿಸಿಬೆಲ್ಲವನ್ನು ಎಲೆಯ ಚೂರಿನಲ್ಲಿ ಕೊಟ್ಟನು. ಇಳಿಯದಿದ್ದರೆ ಅದು ದೊರೆಯುತ್ತಿರಲಿಲ್ಲವೆಂಬುದನ್ನು ಆಗ ಬೆಲ್ಲದ ಮಟ್ಟಿಗೆ ಮಾತ್ರ ಅರಿತುಕೊಂಡೆನು.

ಮೇಲುಕೋಟೆಯ ಮಹಿಮೆಯನ್ನು ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದ ಊರು; ಕವಿ ಪು.ತಿ.ನ. ಅವರು 1905ರಲ್ಲಿ ಜನಿಸಿದ ಊರು. ಬೆಟ್ಟದ ನೆತ್ತಿಯಲ್ಲಿ ಯೋಗಾನರಸಿಂಹ, ಕೆಳಗೆ ಚೆಲುವನಾರಾಯಣ, ನಡುವೆ ಕಲ್ಯಾಣಿ. ಕಲ್ಯಾಣಿಯ ಬಳಿ ಕಾರು ನಿಂತಿತೋ ಇಲ್ಲವೋ, ಯಾತ್ರಿಕರು ಸುತ್ತಲೂ ನೆರೆದರು. ನರಸಿಂಹನ ಬೆಟ್ಟಕ್ಕೆ ಬೆನ್ನು, ಕಾರಿಗೆ ಮುಖ! ಶಿಷ್ಯನೂ ಬೆಟ್ಟವನ್ನು ಹಿನ್ನೆಲೆಗಿಟ್ಟು ಕಾರಿನ ಚಿತ್ರಗಳನ್ನು ಇಪ್ಪತ್ತು ತೆಗೆದನು. ಚೆಲುವನಾರಾಯಣನ ಸನ್ನಿಧಿಯಲ್ಲಿ ಐದು ನಿಮಿಷ ನಿಂತನು. ಪುಳಿಯೋಗರೆಯನ್ನೂ ಕಾರಿನಲ್ಲಿಯೇ ಕುಳಿತು ತಿಂದೆವು. “ಮೇಲುಕೋಟೆ ಆಯಿತು ಮೇಷ್ಟ್ರೇ, ಇನ್ನೇನುಂಟು?” ಎಂದನು. ಆಯಿತು ಎಂಬ ಆ ಮಾತು ನನಗೆ ರುಚಿಸಲಿಲ್ಲ. ಆದರೂ ಅತಿಥಿಯಾಗಿ ಬಂದವನು ಉಪದೇಶಕನಾಗಬಾರದೆಂದು, “ಕೃಷ್ಣರಾಜಪೇಟೆಯ ಹತ್ತಿರ ಹೊಸಹೊಳಲಿದೆ, ನೋಡಿಕೊಂಡು ನಾಗಮಂಗಲದ ಮೇಲೆ ಹಿಂದಿರುಗೋಣ” ಎಂದೆ.

ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವು ಹದಿಮೂರನೆಯ ಶತಮಾನದ ಹೊಯ್ಸಳರ ತ್ರಿಕೂಟ. 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದುವು. ಈ ಗುಡಿ ಸೇರಲಿಲ್ಲ. ಜನಸಂದಣಿಯೂ ಇಲ್ಲ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣಕಥೆಗಳು, ಮಕರ, ಹಂಸ ಎಂದು ಆರು ಪಟ್ಟಿಕೆಗಳು. ಕಥೆಯ ಪಟ್ಟಿಕೆಯಲ್ಲಿ ರಾಮಾಯಣ, ಭಾರತಗಳು ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತವೆ. ನಾವು ನಿಂತರೆ ಕಥೆಯೂ ನಿಲ್ಲುತ್ತದೆ. ನಾವು ಒಂದು ಹೆಜ್ಜೆಯಿಟ್ಟರೆ ಅದೂ ಒಂದು ಹೆಜ್ಜೆ ಮುಂದುವರಿಯುತ್ತದೆ. ಶಿಲ್ಪಿಯು ಕಥೆಯ ವೇಗವನ್ನು ಮನುಷ್ಯನ ಕಾಲಿಗೆ ಕಟ್ಟಿಟ್ಟಿದ್ದಾನೆ. ಯುದ್ಧದ ರಥಗಳನ್ನು ಶಿಷ್ಯನಿಗೆ ತೋರಿಸಿದೆ. ಅವನು ಗಾಲಿಗಳನ್ನು ಬಗ್ಗಿ ನೋಡಿದನು. ಅಷ್ಟರಲ್ಲಿ ಅವನ ಕೈಯ ಫೋನು ಕೂಗಿತು.

ಅಲ್ಲಿಂದ ನಾಗಮಂಗಲದ ದಾರಿಯಲ್ಲಿ ಒಂದೆಡೆ ರಸ್ತೆಯು ನೆಟ್ಟಗೆ, ನಿರ್ಜನವಾಗಿ, ಉಬ್ಬಿಲ್ಲದೆ ಚಾಚಿಕೊಂಡಿತ್ತು. “ಈಗ ನೋಡಿ ಮೇಷ್ಟ್ರೇ” ಎಂದು ಶಿಷ್ಯನು ಕಾಲನ್ನು ಅದುಮಿದನು. ಬೆನ್ನು ಪೀಠಕ್ಕೆ ಅಂಟಿತು. ಹುಣಿಸೆಯ ಮರಗಳು ಒಂದೇ ಹಸುರುಗೋಡೆಯಾದುವು. ವಾಚಕರಲ್ಲಿ ಮುಚ್ಚುಮರೆಯೇಕೆ? ನನಗೂ ಹಿತವಾಗಿತ್ತು. ಕಾಳಿದಾಸನ ರಥವು ಇದೇ ಎಂದುಕೊಂಡು ಒಳಗೊಳಗೇ ಹಿಗ್ಗಿದೆನು. ನಿಧಾನವೆಂಬ ಮಾತನ್ನು ಹೇಳಬೇಕಾಗಿದ್ದ ನಾಲಗೆಯು ಸುಮ್ಮನಿದ್ದಿತು.

ಮುಂದೆ ಏನೋ ಕಂದುಬಣ್ಣದ ಹಾಸು ಕಂಡಿತು. ಕಂಡೊಡನೆಯೇ ಎದುರಿಗೆ ಬಂದಿತು. ರಸ್ತೆಯ ಉದ್ದಕ್ಕೂ ಹುರುಳಿಯ ಒಕ್ಕಣೆ. ಅದರ ನಡುವೆ ನಮಗೆ ಬೆನ್ನುಮಾಡಿ ಸೊಪ್ಪನ್ನು ತಿರುವಿಹಾಕುತ್ತಿದ್ದ ಮುದುಕಿಯೊಬ್ಬಳು. ಶಿಷ್ಯನು ಹಾರನ್ನು ಒತ್ತಿ, ಬ್ರೇಕನ್ನು ತುಳಿದನು. ಗಾಲಿಗಳು ಒಣಸೊಪ್ಪಿನ ಮೇಲೆ ಹಿಡಿತ ತಪ್ಪಿ ಜಾರಿದುವು. ಕಾರು ಅಡ್ಡವಾಗಿ ಸರಿದು, ಆಕೆಗೆ ಎರಡು ಮಾರು ಈಚೆ ನಿಂತಿತು. ನಾವಿಬ್ಬರೂ ಮಾತಿಲ್ಲದೆ ಕುಳಿತೆವು. ಬೈಗುಳಕ್ಕೆ ಸಿದ್ಧನಾಗಿದ್ದೆ. ಮುದುಕಿಯಾದರೋ ನಮ್ಮ ಮುಖವನ್ನು ನೋಡಲೇ ಇಲ್ಲ, ಕಾರಿನ ಬುಡವನ್ನು ನೋಡಿ ಕೂಗಿದಳು: “ಹೊಗೆ ಬತ್ತೈತೆ! ಇಳೀರಪ್ಪಾ, ಬೇಗ ಇಳೀರಿ!”

ಕಾದ ಹೊಗೆಕೊಳವೆಗೆ ಒಣಹುರುಳಿಯ ಬಳ್ಳಿ ಸುತ್ತಿಕೊಂಡು ಕಮರುತ್ತಿತ್ತು. ನನ್ನ ಮೊಣಕಾಲುಗಳು ಆ ದಿನ ಮೊದಲನೆಯ ಬಾರಿ ತಕರಾರು ಮಾಡದೆ ನನ್ನನ್ನು ಎಬ್ಬಿಸಿದುವು. ಹೊಲದಿಂದ ನಾಲ್ವರು ಓಡಿಬಂದರು. ಕಾರನ್ನು ಸೊಪ್ಪಿನಿಂದ ಬರಿಯ ನೆಲಕ್ಕೆ ತಳ್ಳಿ, ಕೋಲಿನಿಂದ ಬಳ್ಳಿಯನ್ನು ಎಳೆದೆಳೆದು ತೆಗೆದು, ಕುಡಿಯಲು ತಂದಿಟ್ಟುಕೊಂಡಿದ್ದ ಬಿಂದಿಗೆಯ ನೀರನ್ನು ಎರಚಿ ಆರಿಸಿದರು. ಇನ್ನೊಂದೆರಡು ನಿಮಿಷ ಕಳೆದಿದ್ದರೆ ಕಾರೂ ಅವರ ಹುರುಳಿಯೂ ಒಟ್ಟಿಗೆ ಬೂದಿಯಾಗುತ್ತಿದ್ದುವು.

ಶಿಷ್ಯನ ಕೈಗಳು ನಡುಗುತ್ತಿದ್ದುವು. “ಅಜ್ಜೀ, ತಪ್ಪಾಯಿತು” ಎಂದು ನೋಟುಗಳನ್ನು ಚಾಚಿದನು. “ದುಡ್ಡು ಯಾಕ್ ಮಗ? ವಸಿ ಮೆಲ್ಲಗೆ ಬಂದಿದ್ರೆ ಆಗಿತ್ತು” ಎಂದಳು. ಆಮೇಲೆ ಕಾರನ್ನು ಮೇಲೆ ಕೆಳಗೆ ನೋಡಿ, “ಈ ಗಾಡಿಗೆ ತೂಕಾನೇ ಇಲ್ಲ. ಹುರುಳಿ ಬಿಡಿಸೋಕೆ ಬಸ್ಸೇ ವಾಸಿ” ಎಂದು ತೀರ್ಪು ಕೊಟ್ಟಳು. ರಸ್ತೆಯಲ್ಲಿ ಒಕ್ಕಣೆ ಮಾಡುವುದು ಅಪಾಯವಲ್ಲವೇನಮ್ಮ ಎಂದು ನಾನು ಕೇಳಿದೆ. “ಕಣ ಎಲ್ಲೈತೆ ಸ್ವಾಮಿ? ಎತ್ತು ಮಾರಿ ಆರು ವರ್ಸ ಆಯ್ತು. ಕೂಲಿಗೆ ಆಳು ಸಿಕ್ಕಾಕಿಲ್ಲ” ಎಂದಳು.

ಇದರಲ್ಲಿ ತಪ್ಪು ಯಾರದೆಂದು ನಾನು ಬಹಳ ಯೋಚಿಸಿದ್ದೇನೆ. ರಸ್ತೆಯಲ್ಲಿ ಬೆಳೆ ಹರಡುವುದು ಸರಿಯಲ್ಲ. ಬೈಸಿಕಲ್ಲು ಬೈಕುಗಳವರು ಜಾರಿ ಬಿದ್ದು ಅಂಗಹೀನರಾಗುವುದುಂಟು. ಹಿಂದೆ ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ತುಳಿಸುತ್ತಿದ್ದ ಕಣಗಳು ಮರಳಿ ಬರಲಾರವು. ಊರಿಗೊಂದು ಗಾರೆಯ ಕಣವನ್ನು ಪಂಚಾಯಿತಿಯವರು ಕಟ್ಟಿಸಿಕೊಟ್ಟರೆ ಪುಣ್ಯ ಬಂದೀತು. ಅಲ್ಲಿಯವರೆಗೆ ಮಾಗಿಯಲ್ಲಿ ಈ ಕಡೆ ಬರುವ ವಾಚಕರು ಒಕ್ಕಣೆ ಕಂಡರೆ ದೂರದಿಂದಲೇ ವೇಗ ತಗ್ಗಿಸತಕ್ಕದ್ದು. ಸೊಪ್ಪಿನ ಮೇಲೆ ಬ್ರೇಕನ್ನು ಒತ್ತಬಾರದು, ಅದರ ಮೇಲೆ ವಾಹನವನ್ನು ನಿಲ್ಲಿಸಲೂ ಬಾರದು. ದಾಟಿದ ಮೇಲೆ ಬರಿನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ತಳವನ್ನು ಬಗ್ಗಿ ನೋಡತಕ್ಕದ್ದು. ಆದರೆ ಆ ಹೊತ್ತಿನ ತಪ್ಪು ಮುದುಕಿಯದಲ್ಲ. ಓಡಿಸಿದವನದು, ಸುಮ್ಮನೆ ಕುಳಿತು ಹಿಗ್ಗಿದ ಮೇಷ್ಟರದು.

ನಾಗಮಂಗಲ ತಲುಪಿದಾಗ ಸಂಜೆಯಾಗಿತ್ತು. ಶಿಷ್ಯನು ನಾನು ಹೇಳುವ ಮೊದಲೇ ಕಾರನ್ನು ದೂರದಲ್ಲಿ ನಿಲ್ಲಿಸಿ, “ನಡೆದೇ ಹೋಗೋಣ ಮೇಷ್ಟ್ರೇ” ಎಂದನು. ಸೌಮ್ಯಕೇಶವನ ಗುಡಿಯನ್ನು ಪ್ರದಕ್ಷಿಣೆ ಮಾಡಿ ಅಂಗಳದಲ್ಲಿ ಕುಳಿತೆವು. ಬಹಳ ಹೊತ್ತಾದ ಮೇಲೆ, “ಆ ರಥದ ಕಥೆ ಮುಂದೇನಾಯಿತು?” ಎಂದು ಕೇಳಿದನು.

ಹೇಳಿದೆ. ರಾಜನು ಬಾಣವನ್ನು ಹೂಡಿರುವಾಗ ತಪಸ್ವಿಗಳು ಅಡ್ಡ ಬಂದು, ಇದು ಆಶ್ರಮದ ಜಿಂಕೆ, ಕೊಲ್ಲಬೇಡವೆಂದು ಕೂಗುತ್ತಾರೆ. ಅವನು ಬಾಣವನ್ನು ಹಿಂದೆಗೆಯುತ್ತಾನೆ. ತಪೋವನದ ಹತ್ತಿರ ರಥವನ್ನು ನಿಲ್ಲಿಸಿ ಇಳಿಯುತ್ತಾನೆ. ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗೆ ಕೊಟ್ಟು, ಕುದುರೆಗಳ ಬೆನ್ನಿಗೆ ನೀರು ಹನಿಸಿ ದಣಿವಾರಿಸೆಂದು ಹೇಳಿ, ವಿನೀತವಾದ ವೇಷದಿಂದ ಕಾಲ್ನಡಿಗೆಯಲ್ಲಿ ಒಳಗೆ ಹೋಗುತ್ತಾನೆ. ಶಕುಂತಲೆಯನ್ನು ಕಾಣುವುದು ಅದಾದ ಮೇಲೆ.

“ಇದನ್ನು ನಾನು ಕೇಳಲೇ ಇಲ್ಲವಲ್ಲ ಮೇಷ್ಟ್ರೇ” ಎಂದನು.

“ಹೇಗೆ ಕೇಳುತ್ತೀಯಪ್ಪ? ಓಟದ ಭಾಗ ಮುಗಿಯುವ ಹೊತ್ತಿಗೆ ನೀನು ಹೊರಗೆ ನಿಂತಿದ್ದೆ. ನಿಲ್ಲಿಸಿದವನು ನಾನೇ” ಎಂದೆ.

ಮೂವತ್ತು ವರ್ಷ ಪಾಠ ಹೇಳಿದ ನಾನು ಎಷ್ಟು ಮಕ್ಕಳನ್ನು ಹೀಗೆ ಅರ್ಧ ಕಥೆಗೆ ಹೊರಗಟ್ಟಿದ್ದೇನೆಯೋ ಲೆಕ್ಕವಿಟ್ಟಿಲ್ಲ. ಮಕ್ಕಳು ವೇಗವನ್ನು ತಾವಾಗಿಯೇ ಕಲಿಯುತ್ತಾರೆ. ಇಳಿಯುವ ಸ್ಥಳ ಯಾವುದೆಂಬುದನ್ನು ಹೇಳುವುದಕ್ಕೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಹಿರಿಯರು ಬೇಕು. ಹೇಳುವಾಗ ಮಕ್ಕಳು ಒಳಗೆ ಕುಳಿತಿರಬೇಕು.

ರಾತ್ರಿ ಮೆಲ್ಲಗೆ ಬಂದು ಮನೆ ಸೇರಿದೆವು. ಮುದುಕಿಯು ನಾನು ಬೇಡವೆಂದರೂ ಬಿಡದೆ ನನ್ನ ಮಫ್ಲರಿನ ಸೆರಗಿಗೆ ಒಂದು ಪಾವು ಹುರುಳಿಯನ್ನು ಕಟ್ಟಿದ್ದಳು. “ಮೇಲುಕೋಟೆಯ ಪ್ರಸಾದವೇ?” ಎಂದು ಮನೆಯಾಕೆ ಕೇಳಿದಳು. ಹೌದೆಂದೆ. ಶಿಷ್ಯನು ಆ ರಾತ್ರಿ ನಮ್ಮಲ್ಲಿಯೇ ಉಳಿದು, ಮರುದಿನ ಹುರುಳಿಯ ಕಟ್ಟಿನ ಸಾರಿನಲ್ಲಿ ಎರಡು ಬಾರಿ ಅನ್ನ ಬಡಿಸಿಕೊಂಡು ಊಟಮಾಡಿ, ಬಿಸಿಲು ತಗ್ಗಿದ ಮೇಲೆ ಬೆಂಗಳೂರಿಗೆ ಹೊರಟನು. ಮದ್ದೂರಿನಲ್ಲಿ ಇಳಿದು ವಡೆ ತಿಂದೆನೆಂದು ಅಂದೇ ರಾತ್ರಿ ಫೋನು ಮಾಡಿ ತಿಳಿಸಿದನು.