ಭೂತದ ಬಂಗಲೆಗೂ ಜನರ ಭಾಷೆ ಬೇಕಾಯಿತು!

ಕನ್ನಡದ ಯುವ ಮಿತ್ರರೇ,

ಲಾರೆಲ್ ಮತ್ತು ಹಾರ್ಡಿ ಗೊತ್ತಲ್ಲ? ಒಬ್ಬ ಸಣಕಲ, ಒಬ್ಬ ಡುಮ್ಮ. ಸಣಕಲ ತಲೆ ಕೆರೆದುಕೊಂಡು ಅಳುತ್ತಾನೆ. ಡುಮ್ಮ ಕತ್ತಿನ ಟೈ ಕುಣಿಸುತ್ತಾ ಕ್ಯಾಮೆರಾ ಕಡೆ ತಿರುಗಿ ನಮ್ಮನ್ನೇ ದುರುಗುಟ್ಟಿ ನೋಡುತ್ತಾನೆ. ಬಿದ್ದರೂ ನಗು, ಎದ್ದರೂ ನಗು. ಈ ಜೋಕರುಗಳಿಗೂ ಭಾಷಾ ಹೋರಾಟಕ್ಕೂ ಏನಯ್ಯಾ ಸಂಬಂಧ ಎಂದು ನೀವು ಕೇಳಬಹುದು. ಇದೆ ಸ್ವಾಮಿ, ಇದೆ! ವೇದಿಕೆಯ ಮೇಲೆ ಮೈಕು ಹಿಡಿದು ನಾವು ಗಂಟೆಗಟ್ಟಲೆ ಹೇಳುವುದನ್ನು ಇವರಿಬ್ಬರು ಒಂದೇ ಒಂದು ದೆವ್ವದ ಚಿತ್ರದಲ್ಲಿ ಮಾಡಿ ತೋರಿಸಿದ್ದಾರೆ.

ಆ ಚಿತ್ರದ ಹೆಸರು 'ದಿ ಲಾರೆಲ್-ಹಾರ್ಡಿ ಮರ್ಡರ್ ಕೇಸ್'. ತೆರೆಗೆ ಬಂದದ್ದು 1930ರಲ್ಲಿ. ನಿರ್ಮಾಪಕ ಹಾಲ್ ರೋಚ್, ನಿರ್ದೇಶಕ ಜೇಮ್ಸ್ ಪ್ಯಾರಟ್. ಉದ್ದ ಬರೀ ಅರ್ಧ ಗಂಟೆ. ಕೈಯಲ್ಲಿ ಕಾಸಿಲ್ಲದ ಇಬ್ಬರು ಹಡಗುಕಟ್ಟೆಯ ಮೇಲೆ ಕೂತು ಮೀನು ಹಿಡಿಯುತ್ತಿರುತ್ತಾರೆ. ಎಬೆನೀಜರ್ ಲಾರೆಲ್ ಎಂಬ ಸಾಹುಕಾರ ಸತ್ತಿದ್ದಾನೆ, ಅವನ ಆಸ್ತಿಯ ವಾರಸುದಾರರು ಬಂಗಲೆಗೆ ಬರಬೇಕು ಎಂಬ ಸುದ್ದಿ ಪತ್ರಿಕೆಯಲ್ಲಿ ಕಾಣುತ್ತದೆ. ಲಾರೆಲ್ ಎಂಬ ಹೆಸರೊಂದು ಸಾಕಲ್ಲ! ಗುಡುಗು ಮಳೆಯ ರಾತ್ರಿ ಇಬ್ಬರೂ ಬಂಗಲೆ ಸೇರುತ್ತಾರೆ. ಅಲ್ಲಿ ನೋಡಿದರೆ ಪೊಲೀಸರು. ಸಾಹುಕಾರನದು ಕೊಲೆ! ಕೊಲೆಯಾದ ಕೋಣೆಯಲ್ಲೇ ಇವರಿಗೆ ಹಾಸಿಗೆ. ಹಾಸಿಗೆಯ ಬಟ್ಟೆಯೊಳಗೆ ಸಿಕ್ಕಿಕೊಂಡ ಬಾವಲಿ ಹಾರಾಡಿದರೆ ಅದು ಬಿಳಿ ದೆವ್ವ. ಫೋನ್ ಬಂದಿದೆ ಎಂದು ಎದ್ದುಹೋದ ನೆಂಟರು ವಾಪಸು ಬರುವುದಿಲ್ಲ. ನಮ್ಮ ವೀರರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ಓಡುತ್ತಾರೆ.

ಓಡುವುದಕ್ಕೂ ಬೀಳುವುದಕ್ಕೂ ಭಾಷೆ ಬೇಡ, ನಿಜ. ಆದರೆ ಈ ಚಿತ್ರದ ಒಳ್ಳೆಯ ನಗು ಮಾತಿನಲ್ಲೇ ಇದೆ. ನಿನಗೊಬ್ಬ ಚಿಕ್ಕಪ್ಪ ಇದ್ದನಲ್ಲ, ಬದುಕಿದ್ದಾನಾ ಎಂದು ಹಾರ್ಡಿ ಕೇಳುತ್ತಾನೆ. ಇಲ್ಲ, ಕಾಲಡಿಯ ಹಲಗೆ ತೆರೆದುಕೊಂಡು ಕೆಳಗೆ ಬಿದ್ದು ಕತ್ತು ಮುರಿದುಕೊಂಡ ಎನ್ನುತ್ತಾನೆ ಲಾರೆಲ್. ಪಾಪ, ಮನೆ ಕಟ್ಟುತ್ತಿದ್ದನಾ ಎಂದರೆ, ಇಲ್ಲ, ಅವನನ್ನು ನೇಣಿಗೆ ಹಾಕುತ್ತಿದ್ದರು ಎಂಬ ಉತ್ತರ! ಆ ಪೆದ್ದು ಮುಖ ಬಾಯಿ ಬಿಡುವ ಮೊದಲಿನ ಅರೆಗಳಿಗೆಯಲ್ಲಿ ನಗು ಕಾದು ಕೂತಿರುತ್ತದೆ. ಪರದೆಯ ಕೆಳಗೆ ಅಕ್ಷರ ಓದುವವನ ಕಣ್ಣು ಉತ್ತರವನ್ನು ಮೊದಲೇ ನುಂಗಿಬಿಡುತ್ತದೆ. ಲಾರೆಲ್ ಮಾತಾಡುವಾಗ ನಗು ಹಳಸಿರುತ್ತದೆ. ಇನ್ನು ಓದಲು ಬಾರದ ಅಜ್ಜಿಗೆ, ಅಕ್ಷರ ಕಲಿಯುತ್ತಿರುವ ಮಗುವಿಗೆ ಅದೂ ಇಲ್ಲ.

ಈ ಸಂಕಟ ಆಗ ಇಡೀ ಹಾಲಿವುಡ್ಡನ್ನೇ ಹಿಡಿದಿತ್ತು. ಮೂಕಿಚಿತ್ರದ ಕಾಲದಲ್ಲಿ ಸಮಸ್ಯೆ ಇರಲಿಲ್ಲ. ನಡುವೆ ಬರುವ ಅಕ್ಷರದ ಪಟ್ಟಿ ಕಿತ್ತು ಇನ್ನೊಂದು ಭಾಷೆಯ ಪಟ್ಟಿ ಅಂಟಿಸಿದರೆ ಚಿತ್ರ ಯಾವ ದೇಶಕ್ಕೂ ನಡೆಯುತ್ತಿತ್ತು. 1927ರಲ್ಲಿ 'ದಿ ಜಾಜ್ ಸಿಂಗರ್' ಬಂದು ಪರದೆ ಬಾಯಿ ತೆರೆಯಿತು ನೋಡಿ, ಆಗ ಬಂತು ತಾಪತ್ರಯ. ಒಬ್ಬರ ದನಿ ತೆಗೆದು ಇನ್ನೊಬ್ಬರ ದನಿ ಕೂರಿಸುವ ತಂತ್ರ ಇನ್ನೂ ಪಳಗಿರಲಿಲ್ಲ.

ಹಾಲ್ ರೋಚ್ ಆಗ ಏನು ಮಾಡಿದ ಗೊತ್ತೇ? 'ಇಂಗ್ಲಿಷ್ ಕಲಿತು ಬನ್ನಿ' ಎಂದು ಜಗತ್ತಿಗೆ ಅಪ್ಪಣೆ ಕೊಡಲಿಲ್ಲ. ಒಂದೇ ಭೂತದ ಬಂಗಲೆಯ ಕಥೆಯನ್ನು ನಾಲ್ಕು ಭಾಷೆಯಲ್ಲಿ ಚಿತ್ರೀಕರಿಸಿದ! ಇಂಗ್ಲಿಷ್ ಆದಮೇಲೆ ಸ್ಪ್ಯಾನಿಷ್‌ನಲ್ಲಿ 'ನೋಚೆ ದೆ ದುವೆಂದೆಸ್', ಅಂದರೆ ದೆವ್ವಗಳ ರಾತ್ರಿ. ಫ್ರೆಂಚ್‌ನಲ್ಲಿ ತೀರಿಹೋದ ಚಿಕ್ಕಪ್ಪ, ಜರ್ಮನ್‌ನಲ್ಲಿ ನಡುರಾತ್ರಿಯ ದೆವ್ವ ಎಂಬರ್ಥದ ಹೆಸರುಗಳು. ಲಾರೆಲ್ ಇಂಗ್ಲೆಂಡಿನವನು, ಹಾರ್ಡಿ ಅಮೆರಿಕದ ಜಾರ್ಜಿಯಾದವನು. ಈ ಭಾಷೆಗಳು ಇಬ್ಬರಿಗೂ ಬಾರದು. ಭಾಷೆ ಬಲ್ಲವರು ಪಕ್ಕದಲ್ಲಿ ನಿಂತು ತಿದ್ದುತ್ತಿದ್ದರು. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು ಕ್ಯಾಮೆರಾ ಆಚೆ ಇಡುತ್ತಿದ್ದರು. ಜಗತ್ತನ್ನೇ ನಗಿಸುವ ನಟರು ಶಾಲೆಯ ಮಕ್ಕಳ ಹಾಗೆ ಅದನ್ನು ನೋಡಿಕೊಂಡು ಮಾತಾಡಿದರು. ಅದೇ ಹಾಸಿಗೆ, ಅದೇ ಓಟ, ಅದೇ ಪೆಟ್ಟು, ಮತ್ತೆ ಮತ್ತೆ!

ಸ್ಪ್ಯಾನಿಷ್ ಆವೃತ್ತಿ ಇಂದಿಗೂ ಉಳಿದಿದೆ. ರೈಲಿನ ದೃಶ್ಯವೊಂದನ್ನು ಸೇರಿಸಿ ಅದನ್ನು ಇಂಗ್ಲಿಷಿಗಿಂತ ಉದ್ದ ಮಾಡಿದ್ದರು. ಪರರ ಭಾಷೆಗೆ ಉಳಿದದ್ದು ಬಳಿದದ್ದನ್ನು ಬಡಿಸಲಿಲ್ಲ, ಹೆಚ್ಚಿಗೆ ಬಡಿಸಿದರು. ಇವರ ಮುರುಕು ಉಚ್ಚಾರಣೆಯೇ ಜನರಿಗೆ ಹೊಸ ನಗುವಾಯಿತು. ಸ್ಪ್ಯಾನಿಷ್ ಜನ ಇವರಿಗೆ ಡುಮ್ಮ-ಸಣಕಲ ಎಂದೇ ತಮ್ಮ ನುಡಿಯಲ್ಲಿ ಹೆಸರಿಟ್ಟು ಮನೆಯವರನ್ನಾಗಿ ಮಾಡಿಕೊಂಡರು. ಮುಂದೆ ಡಬ್ಬಿಂಗ್ ತಂತ್ರ ಸುಧಾರಿಸಿದಾಗ ದುಬಾರಿಯಾದ ಈ ಪದ್ಧತಿ ನಿಂತಿತು. ಭಾಷೆ ಮಾತ್ರ ನಿಲ್ಲಲಿಲ್ಲ.

ರೋಚ್ ಏನು ಭಾಷಾಪ್ರೇಮಿಯೇ? ಖಂಡಿತ ಅಲ್ಲ. ಅವನು ವ್ಯಾಪಾರಿ. ಟಿಕೆಟ್ ಕೊಳ್ಳುವವನ ಮನೆಮಾತಿನಲ್ಲಿ ಮಾತಾಡದಿದ್ದರೆ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ ಎಂದು ಬಲ್ಲವನು. ಪಾಠ ಇರುವುದು ಇಲ್ಲೇ. ವ್ಯಾಪಾರಿ ಭಾಷೆಗೆ ತಲೆಬಾಗುವುದು ಭಕ್ತಿಯಿಂದಲ್ಲ, ಗಿರಾಕಿಯ ಗಟ್ಟಿತನದಿಂದ.

ಈಗ ನಮ್ಮ ಮನೆಗೆ ಬರೋಣ. ನಾವೂ ರೋಚ್‌ನ ದಾರಿಯನ್ನೇ ಹಿಡಿದವರು. ಮಲಯಾಳದ 'ಮಣಿಚಿತ್ರತ್ತಾಳ್' 1993ರಲ್ಲಿ ಬಂತು. ಅದರ ಭೂತದ ಬಂಗಲೆಯನ್ನು ಮತ್ತೆ ಕಟ್ಟಿ 2004ರಲ್ಲಿ 'ಆಪ್ತಮಿತ್ರ' ಮಾಡಿದೆವು. ವಿಷ್ಣುವರ್ಧನ್, ಸೌಂದರ್ಯ ಕನ್ನಡದಲ್ಲೇ ನಮ್ಮನ್ನು ನಡುಗಿಸಿದರು, ನಗಿಸಿದರು. ಒಳ್ಳೆಯದೇ ಆಯಿತು. ಆದರೆ ಜಗತ್ತಿನ ಪ್ರತಿ ಚಿತ್ರವನ್ನೂ ಹೀಗೆ ಮತ್ತೆ ತೆಗೆಯಲು ಆದೀತೇ? ಉಳಿದದ್ದಕ್ಕೆ ಡಬ್ಬಿಂಗ್ ಒಂದೇ ದಾರಿ. ಆ ದಾರಿಗೆ ನಾವೇ ಬೇಲಿ ಹಾಕಿಕೊಂಡು ಕೂತಿದ್ದೆವು.

1960ರ ದಶಕದಲ್ಲಿ ಅನಕೃ ಅವರಂಥ ಹಿರಿಯರು ಡಬ್ಬಿಂಗ್ ವಿರುದ್ಧ ಬೀದಿಗಿಳಿದದ್ದನ್ನು ನಾನು ಹಳಿಯುವುದಿಲ್ಲ. ಕನ್ನಡ ಚಿತ್ರರಂಗ ಆಗ ಮದರಾಸಿನ ಸ್ಟುಡಿಯೋಗಳಲ್ಲಿ ಅಂಬೆಗಾಲಿಡುತ್ತಿತ್ತು. ಸಸಿಗೆ ಬೇಲಿ ಬೇಕಿತ್ತು. ಆದರೆ ಸಸಿ ಮರವಾದ ಮೇಲೂ ಬೇಲಿ ಉಳಿಯಿತು. ಅದು ಕಾನೂನಾಗಿರಲಿಲ್ಲ, ಬರೀ ಕಟ್ಟುಪಾಡು. 2012ರಲ್ಲಿ 'ಸತ್ಯಮೇವ ಜಯತೆ' ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳದಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತ್ರ ಬಾಯಿ ಮುಚ್ಚಿತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ಅಡ್ಡಿ ತಪ್ಪೆಂದು ಹೇಳಿ ದಂಡವನ್ನೂ ಹಾಕಿತು. 2017ರಲ್ಲಿ ತಮಿಳಿನ ಅಜಿತ್ 'ಸತ್ಯದೇವ್ ಐಪಿಎಸ್' ಆಗಿ ಕನ್ನಡ ಮಾತಾಡಿದ. ಆಕಾಶವೇನೂ ಕಳಚಿ ಬೀಳಲಿಲ್ಲ!

ಕಾರ್ಮಿಕರ ಅನ್ನದ ಪ್ರಶ್ನೆ ಎತ್ತುವವರಿದ್ದಾರೆ. ಎತ್ತಲಿ, ಅದು ನ್ಯಾಯವಾದ ಪ್ರಶ್ನೆ. ಆದರೆ ಬೆಂಗಳೂರಿನ ಚಿತ್ರಮಂದಿರದಲ್ಲಿ ತೆಲುಗು, ತಮಿಳು, ಹಿಂದಿ ಚಿತ್ರಗಳು ಮೂಲ ಭಾಷೆಯಲ್ಲೇ ಓಡುವಾಗ ಈ ಅನ್ನ ಉಳಿಯುತ್ತಿತ್ತೇ? ಬೇಲಿ ತಡೆದದ್ದು ಪರಭಾಷೆಯ ಚಿತ್ರವನ್ನಲ್ಲ, ಅದರೊಳಗಿನ ಕನ್ನಡವನ್ನು! ನಮ್ಮ 'ಕೆ.ಜಿ.ಎಫ್.' 2018ರಲ್ಲಿ ಹಿಂದಿಯಲ್ಲಿ ಮಾತಾಡಿದಾಗ ಎದೆಯುಬ್ಬಿಸಿದವರು ನಾವೇ ತಾನೆ? ಹೋಗುವಾಗ ಹಬ್ಬ, ಬರುವಾಗ ಸೂತಕ, ಇದೆಂಥ ಲೆಕ್ಕ? ಡಬ್ಬಿಂಗ್ ಕನ್ನಡ ಕೃತಕ ಎಂಬ ದೂರೂ ಇದೆ. ಹಾಗಾದರೆ ಒಳ್ಳೆಯ ಕನ್ನಡ ಬರೆಯುವವರಿಗೆ, ಒಳ್ಳೆಯ ಕಂಠಗಳಿಗೆ ಕೆಲಸ ಕೊಡಿ ಎಂದು ಕೇಳೋಣ. ಊಟ ಉಪ್ಪಾಯಿತೆಂದು ಒಲೆಯನ್ನೇ ಒಡೆಯುವುದೇ?

ಮಿತ್ರರೇ, ಬೇಲಿ ಬಿದ್ದಿದೆ, ಬಾಗಿಲು ತೆರೆದಿದೆ. ಆದರೆ ಒಳಗೆ ಹೋಗುವವರು ಎಲ್ಲಿ? ಚಿತ್ರದ ಕನ್ನಡ ಆವೃತ್ತಿಗೆ ಪ್ರದರ್ಶನ ಕಡಿಮೆ ಎಂದು ಗೊಣಗುತ್ತೀರಿ, ಪಕ್ಕದ ಪರದೆಯಲ್ಲಿ ಬೇರೆ ಭಾಷೆಯ ಟಿಕೆಟ್ ಕೊಂಡು ಸುಮ್ಮನೆ ಕೂರುತ್ತೀರಿ. ನಿಮ್ಮ ಮೊಬೈಲಿನ ಭಾಷೆಯ ಪಟ್ಟಿಯಲ್ಲಿ ಕನ್ನಡ ಇದ್ದರೂ ಬೆರಳು ಇಂಗ್ಲಿಷಿಗೆ ಓಡುತ್ತದೆ. ಅಳುವ ಮಗುವಿಗೇ ಹಾಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕೇಳದ ಗಿರಾಕಿಯ ಭಾಷೆಯನ್ನು ಯಾವ ವ್ಯಾಪಾರಿ ಕಲಿತಾನು? ಕನ್ನಡ ಇದ್ದ ಕಡೆ ಕನ್ನಡವನ್ನೇ ಒತ್ತಿ. ಇಲ್ಲದ ಕಡೆ ಯಾಕಿಲ್ಲ ಎಂದು ಬರೆದು ಕೇಳಿ. ಒಬ್ಬರಲ್ಲ, ಹತ್ತು ಗೆಳೆಯರು ಸೇರಿ ಕೇಳಿ. ಮನೆಯ ಪುಟಾಣಿ ಲಾರೆಲ್-ಹಾರ್ಡಿಯನ್ನು ನೋಡಿ ನಕ್ಕರೆ, ಬಿದ್ದದ್ದಕ್ಕಷ್ಟೇ ಅಲ್ಲ, ಆಡಿದ ಮಾತಿಗೂ ನಗುವಂತಾಗಲಿ.

ಆ ಚಿತ್ರ ಹೇಗೆ ಮುಗಿಯುತ್ತದೆ ಗೊತ್ತೇ? ಬಂಗಲೆ, ಕೊಲೆ, ದೆವ್ವ ಎಲ್ಲವೂ ಕನಸು! ಹಡಗುಕಟ್ಟೆಯ ಮೇಲೆ ನಿದ್ದೆ ಹೋಗಿದ್ದ ಇಬ್ಬರೂ ಒದ್ದಾಡಿ ದುಡುಂ ಎಂದು ನೀರಿಗೆ ಬೀಳುತ್ತಾರೆ. ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎಂಬ ದೆವ್ವವೂ ನಮ್ಮ ನಿದ್ದೆಯದೇ ಕೂಸು. ನೀರಿಗೆ ಬೀಳುವ ಮೊದಲೇ ಏಳೋಣ!

ಸಿರಿಗನ್ನಡಂ ಗೆಲ್ಗೆ!