ಶಿಫಾರಸು ಮಾಡುವ ಯಂತ್ರ ಕಾರಣವನ್ನೂ ಹೇಳಲಿ

ನೋಯ್ಡಾದ ಆನ್‌ಲೈನ್ ಮಾರುಕಟ್ಟೆ ಕಂಪನಿ ಇಂಡಿಯಾಮಾರ್ಟ್ 2025ರ ಡಿಸೆಂಬರ್‌ನಲ್ಲಿ ಚಾಟ್‌ಜಿಪಿಟಿ ನಡೆಸುವ ಓಪನ್‌ಎಐ ವಿರುದ್ಧ ಕಲ್ಕತ್ತಾ ಹೈಕೋರ್ಟ್ ಮೆಟ್ಟಿಲೇರಿತು. ‘ಈ ಮಾಲು ಎಲ್ಲಿ ಸಿಗುತ್ತದೆ’ ಎಂದು ಯಾರಾದರೂ ಕೇಳಿದರೆ ಚಾಟ್‌ಜಿಪಿಟಿ ಪೈಪೋಟಿ ತಾಣಗಳ ಹೆಸರು ಹೇಳುತ್ತದೆ, ನಮ್ಮ ಹೆಸರನ್ನು ಮಾತ್ರ ಬಿಟ್ಟುಬಿಡುತ್ತದೆ ಎಂಬುದು ಅದರ ದೂರು. ನಕಲಿ ಮಾಲಿನ ಮಾರುಕಟ್ಟೆಗಳೆಂದು ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ ಹೊರಡಿಸುವ ಪಟ್ಟಿಯಲ್ಲಿ ಇಂಡಿಯಾಮಾರ್ಟ್ ಹೆಸರೂ ಇದೆ. ತಮ್ಮನ್ನು ಹೊರಗಿಡಲು ಅದೇ ನೆಪ ಎನ್ನುವ ಕಂಪನಿ, ಅದೇ ಪಟ್ಟಿಯಲ್ಲಿರುವ ಬೇರೆ ತಾಣಗಳು ಉತ್ತರದಲ್ಲಿ ಬರುತ್ತಿರುವುದು ಹೇಗೆ ಎಂದು ಕೇಳಿತು. ಮೇಲ್ನೋಟಕ್ಕೆ ತಾರತಮ್ಯ ಕಾಣುತ್ತಿದೆ ಎಂದ ನ್ಯಾಯಾಲಯ, ಎದುರು ಪಕ್ಷದ ವಾದ ಕೇಳದೆ ಮಧ್ಯಂತರ ಪರಿಹಾರ ಕೊಡಲು ಮಾತ್ರ ಒಪ್ಪಲಿಲ್ಲ.

ಇದನ್ನು ಎರಡು ಕಂಪನಿಗಳ ಜಗಳವೆಂದು ಬದಿಗಿಡುವಂತಿಲ್ಲ. 1996ರಲ್ಲಿ ಶುರುವಾದ ಇಂಡಿಯಾಮಾರ್ಟ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಮಾರಾಟಗಾರರ ವಿವರವಿದೆ. ಫರಿದಾಬಾದಿನ ಬಿಡಿಭಾಗ ತಯಾರಕರು, ಹಳೇ ದೆಹಲಿಯ ಚಾವ್ಡಿ ಬಜಾರಿನ ಹಾರ್ಡ್‌ವೇರ್ ವರ್ತಕರು, ನಮ್ಮ ಪೀಣ್ಯದ ಸಣ್ಣ ಯಂತ್ರಗಳ ಕಾರ್ಖಾನೆಯವರು ಗಿರಾಕಿಗಾಗಿ ಕಾಯುವುದು ಇಂಥ ತಾಣಗಳಲ್ಲೇ. ತಾಣವನ್ನೇ ಎಐ ಮರೆತರೆ ಇವರೆಲ್ಲ ಒಂದೇ ಏಟಿಗೆ ಮರೆಯಾಗುತ್ತಾರೆ.

ಹಳೆಯ ಹುಡುಕಾಟದಲ್ಲಿ ಒಂದು ಪುಟ ತೆರೆದರೆ ಹತ್ತಾರು ಹೆಸರು ಕಾಣುತ್ತಿದ್ದವು. ಐದನೆಯವನಿಗೂ ಎಂಟನೆಯವನಿಗೂ ಆಗಾಗ ಫೋನು ಬರುತ್ತಿತ್ತು. ಎಐ ಸಹಾಯಕ ಹೇಳುವುದು ಮೂರೋ ನಾಲ್ಕೋ ಹೆಸರು, ಅದೂ ಎಲ್ಲ ತಿಳಿದ ಸ್ನೇಹಿತನ ದನಿಯಲ್ಲಿ. ಆ ಮೂವರೇ ಏಕೆ ಎಂದು ಕೊಳ್ಳುವವನು ಕೇಳುವುದಿಲ್ಲ. ಬಿಟ್ಟುಹೋದವನಿಗೆ ತಾನು ಬಿಟ್ಟುಹೋದದ್ದೂ ಗೊತ್ತಾಗುವುದಿಲ್ಲ.

ಎಐ ಉತ್ತರದಲ್ಲಿ ನಿಮ್ಮ ಹೆಸರು ಬರುವಂತೆ ಮಾಡಿಕೊಡುತ್ತೇವೆ ಎನ್ನುವ ಸಲಹೆಗಾರರು ಈಗ ಎಲ್ಲೆಡೆ ಹುಟ್ಟಿಕೊಂಡಿದ್ದಾರೆ. ಅವರ ಮಾತಿನಲ್ಲಿ ಅರ್ಧ ಹುರುಳಿದೆ. ‘ಬೆಸ್ಟ್ ಕ್ವಾಲಿಟಿ, ಲೋ ಪ್ರೈಸ್, ಕಾಲ್ ಮಾಡಿ’ ಎಂದಷ್ಟೇ ಬರೆದ ಪಂಪ್‌ಸೆಟ್ ಜಾಹೀರಾತಿನಿಂದ ಯಂತ್ರಕ್ಕೆ ಏನೂ ದಕ್ಕದು. ಎಷ್ಟು ಎಚ್‌ಪಿ, ಎಷ್ಟು ಅಡಿ ಆಳದಿಂದ ನೀರೆತ್ತುತ್ತದೆ, ಪೈಪಿನ ಅಳತೆ ಏನು, ವಾರಂಟಿ ಎಷ್ಟು ವರ್ಷ, ರಿಪೇರಿ ಎಲ್ಲಿ, ಜಿಎಸ್‌ಟಿ ಸೇರಿ ದರ ಎಷ್ಟು ಎಂದು ಬರೆದವನಿಗೆ ಅನುಕೂಲ ಹೆಚ್ಚು. ಇಷ್ಟನ್ನು ಮಾರಾಟಗಾರರು ಮಾಡಲೇಬೇಕು. ಆದರೆ ಯಾವ ಮಾನದಂಡದಿಂದ ಆಯ್ಕೆ ನಡೆಯುತ್ತಿದೆಯೋ ಅದೇ ಗೊತ್ತಿಲ್ಲದಾಗ ಉಳಿದದ್ದೆಲ್ಲ ಕತ್ತಲಲ್ಲಿ ಕಲ್ಲೆಸೆತ. ಅದಕ್ಕೂ ತಿಂಗಳ ಫೀಸು.

ದಾರಿ ಕಾನೂನಿನಲ್ಲೇ ಇದೆ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು 2020ರ ಪ್ರಕಾರ, ಸರಕನ್ನಾಗಲಿ ಮಾರಾಟಗಾರರನ್ನಾಗಲಿ ಯಾವ ಆಧಾರದಲ್ಲಿ ಮೇಲೆ ಕೆಳಗೆ ಜೋಡಿಸುತ್ತೇವೆ, ಯಾವುದಕ್ಕೆ ಎಷ್ಟು ತೂಕ ಕೊಡುತ್ತೇವೆ ಎಂಬುದನ್ನು ಆನ್‌ಲೈನ್ ಮಾರುಕಟ್ಟೆಗಳು ಸರಳ ಭಾಷೆಯಲ್ಲಿ ಎಲ್ಲರಿಗೂ ಕಾಣುವಂತೆ ಹೇಳಬೇಕು. ಅಮೆಜಾನ್ 2024ರ ಆಗಸ್ಟ್‌ನಲ್ಲಿ ಭಾರತಕ್ಕೆ ತಂದ ರೂಫಸ್ ಆ ಕಂಪನಿಯದೇ ಮಾರುಕಟ್ಟೆಯೊಳಗಿನ ಎಐ ಸಹಾಯಕ. ಅದಕ್ಕೆ ಈ ನಿಯಮ ಅನ್ವಯಿಸದು ಎನ್ನಲು ಯಾವ ಕಾರಣವೂ ಇಲ್ಲ. ಚಾಟ್‌ಜಿಪಿಟಿ ನಾವು ಮಾರುಕಟ್ಟೆಯಲ್ಲ, ಮಾಹಿತಿ ಕೊಡುವವರು ಅನ್ನಬಹುದು. ಆದರೆ 2025ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ ಮತ್ತು ರೇಜರ್‌ಪೇ ಜೊತೆ ಸೇರಿ ಅದು ಚಾಟ್‌ನೊಳಗೇ ಯುಪಿಐ ಮೂಲಕ ಹಣ ಪಾವತಿಸುವ ಪ್ರಯೋಗ ಘೋಷಿಸಿತು. ಬಿಗ್‌ಬ್ಯಾಸ್ಕೆಟ್ ಮೊದಲ ಪಾಲುದಾರರಲ್ಲೊಂದು. ಸರಕು ತೋರಿಸಿ ದುಡ್ಡನ್ನೂ ದಾಟಿಸುವ ಜಾಗವನ್ನು ಅಂಗಡಿ ಎನ್ನದೆ ಏನೆನ್ನಬೇಕು?

ಎದುರು ವಾದವೂ ಗಟ್ಟಿಯಾಗಿಯೇ ಇದೆ. ನನ್ನನ್ನು ಶಿಫಾರಸು ಮಾಡಿ ಎಂದು ಕೇಳುವ ಹಕ್ಕು ಯಾವ ವ್ಯಾಪಾರಿಗೂ ಇಲ್ಲ. ನಕಲಿ ಮಾಲು ಮಾರುವವರನ್ನು ದೂರವಿಟ್ಟರೆ ಗ್ರಾಹಕನಿಗೇ ಲಾಭ. ಇಂಡಿಯಾಮಾರ್ಟ್ ಕೂಡ ಚಂದಾ ಕಟ್ಟಿದವರನ್ನು ಪಟ್ಟಿಯಲ್ಲಿ ಮುಂದಿಡುತ್ತದೆ. ಇಂದು ನ್ಯಾಯ ಕೇಳುತ್ತಿರುವವರು ತಮ್ಮಲ್ಲಿರುವ ಸಣ್ಣ ಮಾರಾಟಗಾರರಿಗೆ ಅದೇ ನ್ಯಾಯ ಕೊಡುತ್ತಿದ್ದಾರೆಯೇ ಎಂದು ಕೇಳುವುದು ತಪ್ಪಲ್ಲ. ಈ ವಾದಗಳನ್ನೆಲ್ಲ ಒಪ್ಪಿದರೂ ಕಾರಣ ಮುಚ್ಚಿಡುವುದಕ್ಕೆ ಸಮರ್ಥನೆ ಸಿಗುವುದಿಲ್ಲ. ಹೊರಗಿಟ್ಟದ್ದು ಸರಿಯೇ ಆಗಿದ್ದರೆ ಕಾರಣ ಹೇಳಲು ಸಂಕೋಚವೇಕೆ?

ಕೋರ್ಟು ನೋಡಿಕೊಳ್ಳುತ್ತದೆ ಎಂದು ಕೂತರೆ ಏನಾಗುತ್ತದೆ ಎಂಬುದನ್ನು ದೆಹಲಿ ವ್ಯಾಪಾರ ಮಹಾಸಂಘ ಕಂಡಿದೆ. ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ತಮಗೆ ಬೇಕಾದ ಮಾರಾಟಗಾರರನ್ನು ಮುಂದಿಡುತ್ತಿವೆ ಎಂದು ಅದು ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿದ್ದು 2020ರ ಜನವರಿಯಲ್ಲಿ. ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. 2021ರ ಜೂನ್‌ನಲ್ಲಿ ಕಂಪನಿಗಳ ಅರ್ಜಿ ವಜಾ ಆಯಿತು. ತನಿಖಾ ವರದಿ ಬಂದದ್ದು 2024ರಲ್ಲಿ. ಆರೋಪದಲ್ಲಿ ಸತ್ಯವಿದೆ ಎಂದೇ ಅದು ಹೇಳಿತು. ಅದನ್ನೂ ಪ್ರಶ್ನಿಸಿ ಊರೂರಿನ ಹೈಕೋರ್ಟುಗಳಲ್ಲಿ ಅರ್ಜಿಗಳು ಬಿದ್ದವು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವನ್ನು ಮತ್ತೆ ಕರ್ನಾಟಕ ಹೈಕೋರ್ಟಿಗೇ ಕಳಿಸಿತು. ಅಷ್ಟರಲ್ಲಿ ದೂರಿನಲ್ಲಿ ಹೆಸರಿಸಿದ್ದ ಅಮೆಜಾನ್ ಮಾರಾಟಗಾರ ಕಂಪನಿ ಕ್ಲೌಡ್‌ಟೇಲ್ ಬಾಗಿಲು ಹಾಕಿಯೇ ಆಗಿತ್ತು.

ಆದ್ದರಿಂದ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಕಲ್ಕತ್ತಾ ತೀರ್ಪಿಗೆ ಕಾಯದೆ 2020ರ ನಿಯಮವನ್ನು ಎಐ ಸಹಾಯಕರಿಗೂ ವಿಸ್ತರಿಸಬೇಕು. ಶಿಫಾರಸಿನ ಮಾನದಂಡ ಬಹಿರಂಗವಾಗಬೇಕು, ದುಡ್ಡು ಪಡೆದು ಹೇಳಿದ ಹೆಸರಿನ ಪಕ್ಕ ಜಾಹೀರಾತು ಎಂದಿರಬೇಕು, ಹೊರಗಿಟ್ಟ ಮಾರಾಟಗಾರನಿಗೆ ಕಾರಣ ಮತ್ತು ಮೇಲ್ಮನವಿಯ ಅವಕಾಶ ಸಿಗಬೇಕು. ಸಂಸತ್ತಿನ ತನಕ ಹೋಗದೆ, ನಿಯಮಕ್ಕೆ ಒಂದು ತಿದ್ದುಪಡಿ ತಂದು ಅಧಿಸೂಚನೆ ಹೊರಡಿಸಿದರೆ ಇಷ್ಟು ಕೆಲಸ ಆಗುತ್ತದೆ.